ಹರಕೆ ಇಲ್ಲದ ನಡಿಗೆ

ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವ ಪಾದಯಾತ್ರಿಗಳು ಉಜಿರೆಯಲ್ಲಿ ಎಡಕ್ಕೆ ತಿರುಗುತ್ತಾರೆ. ಲಾಯಿಲ ಇರುವುದು ಅವರು ಬಿಟ್ಟುಹೋಗುವ ಬೆಳ್ತಂಗಡಿಯ ದಿಕ್ಕಿನಲ್ಲಿ. ಹಾಗಾಗಿ ಶಿವರಾತ್ರಿಯ ವಾರದಲ್ಲಿ ಆ ಜನಪ್ರವಾಹ ಇಲ್ಲಿಯ ಮನೆಗಳ ಮುಂದೆ ಹಾಯುವುದಿಲ್ಲ. ನೋಡಬೇಕೆಂದವರು, ಏನಾದರೂ ಕೊಡಬೇಕೆಂದವರು ಉಜಿರೆಗೋ ಮುಂಡಾಜೆಗೋ ಹೋಗಬೇಕು. ಹಾಗೆ ವರ್ಷವೂ ಮಜ್ಜಿಗೆಯ ಪಾತ್ರೆ ಹೊತ್ತುಕೊಂಡು ಹೋಗುವ ಹಿರಿಯರೊಬ್ಬರು, ಮತ್ತು ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ರಜೆ ಸಿಕ್ಕಿದಾಗಲೆಲ್ಲ ಬೆಟ್ಟ ಹತ್ತುವ ಅವರ ತಂಗಿಯ ಮಗಳು, ಇವರಿಬ್ಬರ ಮಾತು ಇದು. ಹುಡುಗಿ ಈ ಸಲ ಪಾದಯಾತ್ರಿಗಳ ಜತೆ ನಡೆದು ಬಂದಿದ್ದಳು. ಶಿವರಾತ್ರಿ ಕಳೆದಿತ್ತು. ಅಂಗಳದಲ್ಲಿ ಅಡಿಕೆ ಮಗುಚುವ ಕೆಲಸ ನನ್ನ ಪಾಲಿಗೆ ಬಂದಿದ್ದರಿಂದ ಜಗಲಿಯ ಮಾತು ಪೂರ್ತಿ ಕಿವಿಗೆ ಬಿತ್ತು.

ದೊಡ್ಡಮ್ಮ: ಕಾಲು ಇಲ್ಲಿ ನೀಡು, ನೋಡುವ. ಅಯ್ಯೋ ದೇವರೇ, ಎಂತ ಇದು? ಬೊಕ್ಕೆಯ ಒಳಗೆ ನೂಲು ಉಂಟಲ್ಲ!

ಹುಡುಗಿ: ಎಳೀಬೇಡಿ ದೊಡ್ಡಮ್ಮ. ಚನ್ನರಾಯಪಟ್ಟಣದ ಕಡೆಯ ಒಬ್ಬರು ಅಜ್ಜಿ ಹಾಕಿದ್ದು. ಸೂಜಿಗೆ ನೂಲು ಪೋಣಿಸಿ ಬೊಕ್ಕೆಯ ಈ ಬದಿಯಿಂದ ಆ ಬದಿಗೆ ಹಾಯಿಸಿ, ನೂಲನ್ನು ಒಳಗೇ ಬಿಟ್ಟು ಎರಡು ತುದಿ ಕತ್ತರಿಸಿದರು. ನೀರು ನೂಲಿನ ಗುಂಟ ಇಳಿದುಹೋಯಿತು, ಚರ್ಮ ಸುಲಿಯಲಿಲ್ಲ. ಬಣಕಲ್ಲಿಂದ ಇಲ್ಲಿತನಕ ಅದರ ಮೇಲೆಯೇ ನಡೆದದ್ದು.

ದೊಡ್ಡಮ್ಮ: ಅಷ್ಟು ದುಡ್ಡಿನ ಶೂ ಹಾಕಿದ್ದಿ. ಆ ಅಜ್ಜಿಯ ಕಾಲಲ್ಲಿ ಎಂತ ಇತ್ತು?

ಹುಡುಗಿ: ಹವಾಯಿ ಚಪ್ಪಲಿ. ಘಾಟಿ ಇಳಿಯುವಾಗ ಅದೂ ಕೈಯಲ್ಲಿ.

ದೊಡ್ಡಮ್ಮ: ಅವರು ಹೊರಟದ್ದು ಎಲ್ಲಿಂದ?

ಹುಡುಗಿ: ಅವರ ಮನೆಯಿಂದ. ನಾನು ಬೇಲೂರು ತನಕ ಬಸ್ಸು. ಅಲ್ಲಿಂದ ಮೂಡಿಗೆರೆ, ಕೊಟ್ಟಿಗೆಹಾರ, ಘಾಟಿ, ಉಜಿರೆ. ಹೆಚ್ಚುಕಡಿಮೆ ನೂರು ಕಿಲೋಮೀಟರ್. ಮುಂದಿನ ವರ್ಷ ಚನ್ನರಾಯಪಟ್ಟಣದಿಂದ ಬೇಲೂರು ತನಕ ನಡೀತೇನೆ. ಅದರ ಮುಂದಿನ ವರ್ಷ ಬೆಂಗಳೂರಿಂದ.

ದೊಡ್ಡಮ್ಮ: ಪಾಯಸ ಉಂಡಾದ ಮೇಲೆ ಎಲೆಗೆ ಉಪ್ಪು ಬಡಿಸಿದ ಹಾಗಾಯ್ತು. ಮಂಜುನಾಥನನ್ನು ನೋಡಿ ಆಯ್ತು, ಇನ್ನು ಬೇಲೂರಿಗೆ ಬಂದು ನಿಲ್ಲುದು ಯಾರನ್ನು ನೋಡ್ಲಿಕ್ಕೆ?

ಹುಡುಗಿ: ದಾರಿಯನ್ನು ನೋಡ್ಲಿಕ್ಕೆ. ಅಮೆರಿಕದಲ್ಲಿ ಅಪಲೇಚಿಯನ್ ಟ್ರೇಲ್ ಅಂತ ಇದೆ, ಕಾಡಿನೊಳಗೇ ಸುಮಾರು ಮೂರೂವರೆ ಸಾವಿರ ಕಿಲೋಮೀಟರ್ ಕಾಲುದಾರಿ. 1921ರಲ್ಲಿ ಒಬ್ಬರಿಗೆ ಆ ಯೋಚನೆ ಬಂತು, 1937ರಲ್ಲಿ ಪೂರ್ತಿ ಆಯ್ತು. ಒಂದೇ ಉಸಿರಿಗೆ ನಡೆಯುವವರು ಸ್ವಲ್ಪ ಜನ. ಹೆಚ್ಚಿನವರು ರಜೆ ಸಿಕ್ಕಷ್ಟು ತುಂಡು ನಡೆದು ಮನೆಗೆ ಹೋಗ್ತಾರೆ, ಮರುವರ್ಷ ಬೇರೆ ತುಂಡು. ಹತ್ತಿಪ್ಪತ್ತು ವರ್ಷ ಹಿಡಿದವರೂ ಇದ್ದಾರೆ. ಅವರನ್ನು ಯಾರೂ ಕಡಿಮೆ ಅನ್ನಲ್ಲ.

ದೊಡ್ಡಮ್ಮ: ಅಲ್ಲಿ ಕೊನೆಗೆ ದೇವಸ್ಥಾನ ಉಂಟಾ?

ಹುಡುಗಿ: ಇಲ್ಲ. ಒಂದು ಬೆಟ್ಟದ ತುದಿ.

ದೊಡ್ಡಮ್ಮ: ಹಾಗಾದರೆ ತುಂಡು ಮಾಡಬಹುದು. ಬೆಟ್ಟಕ್ಕೆ ಎಂತ, ಅದು ಕಾಯುದಿಲ್ಲ. ಹರಕೆ ಹಾಗಲ್ಲ ಮಗಾ. ಮಗುವಿಗೆ ಜ್ವರ ಬಿಟ್ಟರೆ ನಡೆದು ಬರ್ತೇನೆ ಅಂತ ಹೇಳಿದ ಮೇಲೆ ಹೊಸ್ತಿಲು ದಾಟಿದಲ್ಲಿಂದ ಲೆಕ್ಕ.

ಹುಡುಗಿ: ನೀವು ಲಕ್ಷದೀಪಕ್ಕೆ ಉಜಿರೆ ಜನಾರ್ದನ ದೇವಸ್ಥಾನದಿಂದ ಧರ್ಮಸ್ಥಳಕ್ಕೆ ನಡೀತೀರಲ್ಲ, ಅದು ಒಂಬತ್ತು ಕಿಲೋಮೀಟರ್. ಲಾಯಿಲದಿಂದ ಉಜಿರೆಗೆ ಹೋದದ್ದು ಹೇಗೆ?

ದೊಡ್ಡಮ್ಮ: ಆಟೋದಲ್ಲಿ.

ಇಲ್ಲಿ ಇಬ್ಬರೂ ನಕ್ಕರು. ಆದರೆ ದೊಡ್ಡಮ್ಮ ಬಿಟ್ಟುಕೊಡುವ ಪೈಕಿ ಅಲ್ಲ.

ದೊಡ್ಡಮ್ಮ: ಅದು ಕಾರ್ತಿಕದ್ದು, ಊರಿನವರು ಸೇರಿ ಭಜನೆ ಹೇಳಿಕೊಂಡು ಹೋಗುದು. ಶಿವರಾತ್ರಿಯದ್ದೇ ಬೇರೆ.

ಹುಡುಗಿ: ಸ್ಪೇನ್‌ನಲ್ಲಿ ಸಾಂತಿಯಾಗೋ ಅನ್ನುವ ಊರಿನ ಇಗರ್ಜಿಗೆ ಹೀಗೇ ಪಾದಯಾತ್ರೆ ಇದೆ, ಸಾವಿರ ವರ್ಷದಿಂದ. ಜನ ಹೆಚ್ಚಾಗಿ ಹಿಡಿಯುವ ದಾರಿ ಎಂಟುನೂರು ಕಿಲೋಮೀಟರ್ ಹತ್ತಿರ. ಕೈಯಲ್ಲಿ ಒಂದು ಪುಸ್ತಕ, ಹೋದಲ್ಲೆಲ್ಲ ಮುದ್ರೆ. ಕೊನೆಗೆ ಇಗರ್ಜಿಯವರೇ ಪತ್ರ ಕೊಡುತ್ತಾರೆ. ಅದಕ್ಕೆ ಕಾಲ್ನಡಿಗೆ ಕನಿಷ್ಠ ನೂರು ಕಿಲೋಮೀಟರ್ ಆದರೆ ಸಾಕು. ಅಲ್ಲಿಯ ದೇವರೇ ತುಂಡನ್ನು ಒಪ್ಪಿಕೊಂಡಿದ್ದಾರೆ.

ದೊಡ್ಡಮ್ಮ: ಹಾಗಾದರೆ ನಿನಗೆ ಬೇಲೂರಿಂದ ಸರಿಯಾಗಿ ಪಾಸ್ ಮಾರ್ಕ್. ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು ಘಾಟಿ ಮಾತ್ರ ನಡೆಯುವವರು ಎಷ್ಟು ಜನ ಈಗ! ಅವರೆಲ್ಲ ಫೇಲಾ? ಯಾರು ಎಲ್ಲಿಂದ ಬಂದರು ಅಂತ ಮಂಜುನಾಥ ಚೀಟಿ ಬರೆಯುದಿಲ್ಲ. ನಮಗೆ ಅದು ಬೇಡ.

ತುಸು ಹೊತ್ತಿನ ಹಿಂದೆ ಹೊಸ್ತಿಲಿಂದ ಲೆಕ್ಕ ಎಂದವರು ಇವರೇ. ಹುಡುಗಿ ಅದನ್ನು ಎತ್ತಿ ಹಿಡಿಯುವಳು ಅಂದುಕೊಂಡೆ. ಅವಳ ತಲೆಯಲ್ಲಿ ಬೇರೆ ವಿಷಯ ಇತ್ತು.

ಹುಡುಗಿ: ದೊಡ್ಡಮ್ಮ, ಒಂದು ಕೇಳ್ತೇನೆ. ನನಗೆ ಹರಕೆ ಇರಲಿಲ್ಲ. ದೇವರು ಇದ್ದಾನೆ ಅಂತ ಗಟ್ಟಿಯಾಗಿ ಹೇಳ್ಲಿಕ್ಕೂ ನನಗಾಗಲ್ಲ. ಆದರೂ ದಾರಿಯುದ್ದಕ್ಕೂ ಊಟ ಮಾಡಿದೆ. ಒಂದು ರಾತ್ರಿ ಶಾಲೆಯ ಜಗಲಿಯಲ್ಲಿ ಮಲಗಿದೆ, ಕಾಫಿ ತೋಟದವರು ಕೊಟ್ಟ ಕಲ್ಲಂಗಡಿ ತಿಂದೆ. ಭಕ್ತರಿಗೆ ಅಂತ ಇಟ್ಟದ್ದನ್ನು ಭಕ್ತಳಲ್ಲದ ನಾನು ತಿಂದದ್ದು ಸರಿಯಾ?

ದೊಡ್ಡಮ್ಮ: ಯಾರಾದರೂ ಕೇಳಿದರಾ, ಹರಕೆ ಉಂಟಾ ಅಂತ?

ಹುಡುಗಿ: ಇಲ್ಲ.

ದೊಡ್ಡಮ್ಮ: ಮತ್ತೆ? ನಾನು ಲೋಟ ನೀಡುವಾಗ ಮುಖ ನೋಡುದಿಲ್ಲ, ಕಾಲು ನೋಡುದು. ಕಾಲು ಊದಿದ್ದರೆ ಅವ ಭಕ್ತ.

ಹುಡುಗಿ: ಅದೇ ನಾನು ಹೇಳಬೇಕೆಂದಿದ್ದು. ನಿಮಗೆ ಕಾಲು ಸಾಕು. ಅರಣ್ಯ ಇಲಾಖೆಗೆ ಸಾಕಾಗಲ್ಲ. ಹರಕೆ ಹೇಳಿದರೆ ಕಾಡು ತೆರೆಯುತ್ತೆ, ಬರೀ ನಡೀಬೇಕು ಅಂದರೆ ಮುಚ್ಚುತ್ತೆ.

ದೊಡ್ಡಮ್ಮ: ಎಲ್ಲಿ ತೆರೀತು?

ಹುಡುಗಿ: ಶ್ರೀಶೈಲದಲ್ಲಿ. ಯುಗಾದಿಗೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರು ಮಲ್ಲಯ್ಯನ ಕಂಬಿ ಹೊತ್ತುಕೊಂಡು ಹೋಗ್ತಾರಲ್ಲ, ಕೆಲವರು ಮರಗಾಲು ಕಟ್ಟಿಕೊಂಡು. ಕೊನೆಯ ಹಂತ ನಲ್ಲಮಲ ಕಾಡು. ವೆಂಕಟಾಪುರದಿಂದ ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು, ಎಲ್ಲ ಕಾಲುದಾರಿ. ಅದು ಹುಲಿ ಕಾಡು. ಈಚೆ ಕನಕಪುರದ ಕಡೆಯವರು ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಹೋಗುವಾಗ ಸಂಗಮದ ಹತ್ತಿರ ಕಾವೇರಿಯನ್ನು ನಡೆದೇ ದಾಟಿ ಕಾಡು ಹೊಗ್ತಾರೆ. ಅದು ವನ್ಯಧಾಮ. ಇಲ್ಲಿ? ಬಂಡಾಜೆ ಅರ್ಬಿಗೆ ಹೋಗ್ಬೇಕಾದರೆ ಮೊದಲೇ ಬುಕ್ ಮಾಡ್ಬೇಕು. ಬೇಸಿಗೆ ಬಂತೆಂದರೆ ಬೆಂಕಿಯ ಭಯ ಅಂತ ಬಾಗಿಲೇ ಹಾಕ್ತಾರೆ.

ದೊಡ್ಡಮ್ಮ: ಬೆಂಕಿ ಸುಳ್ಳಾ? ಫೆಬ್ರವರಿ ಮಾರ್ಚ್‌ನಲ್ಲಿ ಬಲ್ಲಾಳರಾಯನ ದುರ್ಗದ ಹುಲ್ಲು ನೋಡಿದ್ದಿಯಾ? ಒಂದು ಬೀಡಿ ಸಾಕು. ನೀನು ಎಸೆಯುದಿಲ್ಲ, ನಿನ್ನ ಹಿಂದೆ ಬರುವವ ಎಸೀತಾನೆ.

ಹುಡುಗಿ: ಸುಳ್ಳಲ್ಲ. ನಲ್ಲಮಲದಲ್ಲೂ ಅದೇ ಬಿಸಿಲು ಅಂತ ಮಾತ್ರ ಹೇಳ್ತಿದ್ದೇನೆ.

ದೊಡ್ಡಮ್ಮ: ಅಲ್ಲಿ ಆ ನಾಲ್ಕು ದಿನ, ಆ ಒಂದೇ ದಾರಿ. ಕಾಡಿನವರಿಗೂ ಗೊತ್ತು, ಹೋಗುವವರಿಗೂ ಗೊತ್ತು. ಅಪ್ಪ ಹೋದ ದಾರಿಯಲ್ಲೇ ಮಗ ಹೋಗುದು. ನಿಮ್ಮದು ಹಾಗಾ? ಮೊಬೈಲಿನಲ್ಲಿ ಒಬ್ಬ ಚಂದದ ಜಾಗ ಹಾಕಿದರೆ ಮರುವಾರ ಐದು ಸಾವಿರ ಜನ.

ಈ ಮಾತಿಗೆ ಆಧಾರ ಇಲ್ಲದಿಲ್ಲ. 2024ರ ಜನವರಿಯ ಕೊನೆಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನ ಒಬ್ಬರ ಬೆನ್ನಿಗೆ ಒಬ್ಬರು ಅಂಟಿ ನಿಂತ ಚಿತ್ರ ರಾಜ್ಯವೆಲ್ಲ ನೋಡಿತು. ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಚಾರಣಗಳಿಗೆ ಸರ್ಕಾರ ತಡೆ ಹಾಕಿದ್ದು ಅದರ ನಂತರ. ಅದೇ ಕುಮಾರಪರ್ವತದ ಅರ್ಧದಾರಿಯಲ್ಲಿ, ಗಿರಿಗದ್ದೆಯ ಭಟ್ಟರ ಮನೆಯಲ್ಲಿ, ದಶಕಗಳ ಕಾಲ ಚಾರಣಿಗರು ಅನ್ನ ಸಾರು ಉಂಡು ಮಲಗಿ ಎದ್ದು ಹೋಗಿದ್ದಾರೆ. ಹುಡುಗಿ ಅದನ್ನೇ ಹಿಡಿದಳು.

ಹುಡುಗಿ: ಭಟ್ಟರ ಮನೆಯಲ್ಲಿ ಹರಕೆ ಯಾರು ಕೇಳಿದರು? ಊಟಕ್ಕೆ ದುಡ್ಡು ಕೊಟ್ಟರು, ಉಂಡರು. ಹರಕೆ ಇಲ್ಲದವರಿಗೂ ಬಾಗಿಲು ತೆರೆದ ಮನೆ ನಮ್ಮ ಘಟ್ಟದಲ್ಲೇ ಇತ್ತಲ್ಲ.

ದೊಡ್ಡಮ್ಮ: ಇತ್ತು. ಒಂದು ಮನೆ. ದಿನಕ್ಕೆ ಇಪ್ಪತ್ತು ಜನಕ್ಕೆ ಅನ್ನ ಬೇಯಿಸಬಹುದು, ಇನ್ನೂರಕ್ಕೆ ಬೇಯಿಸಿದರೆ ಅದು ಮನೆ ಅಲ್ಲ, ಹೋಟೆಲು.

ಹುಡುಗಿ: ಸರಿ, ನಿಮ್ಮ ಪಾದಯಾತ್ರೆಯ ಕಥೆಗೇ ಬರೋಣ. ಹೆದ್ದಾರಿಯಲ್ಲಿ ರಾತ್ರಿ ನಡೆಯುದು ಅಂದರೆ ಎಂತ ಗೊತ್ತುಂಟಾ? ಹಗಲು ಬಿಸಿಲು ಅಂತ ಎಲ್ಲರೂ ನಡುರಾತ್ರಿಗೆ ಏಳ್ತಾರೆ. ಎದುರಿಂದ ಬಸ್ಸಿನ ಲೈಟು ಕಣ್ಣಿಗೆ ಹೊಡೆದಾಗ ಮುಂದಿನವರ ಬೆನ್ನಿಗೆ ಅಂಟಿಸಿದ ಮಿನುಗುವ ಪಟ್ಟಿ ಬಿಟ್ಟರೆ ಏನೂ ಕಾಣಲ್ಲ. ಘಾಟಿಯಲ್ಲಿ ಒಂದು ಬದಿ ಬಂಡೆ, ಒಂದು ಬದಿ ತಡೆಗೋಡೆ. ಲಾರಿ ಬಂದರೆ ಗೋಡೆಗೆ ಬೆನ್ನು ಒರಗಿಸಿ ಹೊಟ್ಟೆ ಒಳಗೆ ಎಳ್ಕೊಳ್ಬೇಕು. ಇನ್ನು ಹೆಂಗಸರ ಕಷ್ಟ. ನೀರು ಕುಡಿಯಲ್ಲ ಅವರು, ಗೊತ್ತಾ? ಅಷ್ಟು ಬಿಸಿಲಿನಲ್ಲಿ. ನೀವು ಕೊಟ್ಟ ಮಜ್ಜಿಗೆ ಅರ್ಧ ಲೋಟ ಕುಡಿದು ಸಾಕು ಅಂತಾರಲ್ಲ, ಅದು ಹೊಟ್ಟೆ ತುಂಬಿ ಅಲ್ಲ. ಮುಂದೆ ಎಲ್ಲಿ ಕೂರುದು ಅಂತ.

ದೊಡ್ಡಮ್ಮ ತಕ್ಷಣ ಮಾತಾಡಲಿಲ್ಲ. ಸೆರಗಿನಿಂದ ಹುಡುಗಿಯ ಕಾಲಿನ ನೀರು ಒರೆಸಿ, ಅರಸಿನ ಹಾಕಿ ಕಾಯಿಸಿದ ತೆಂಗಿನೆಣ್ಣೆ ಹಚ್ಚಿದರು. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಇಳಿಜಾರಿನಲ್ಲಿ ಶೂವಿನ ಮೂತಿಗೆ ಬಡಿದು ಬಡಿದು ಹಾಗಾಗುವುದು.

ದೊಡ್ಡಮ್ಮ: ಅರ್ಧ ಲೋಟ… ನಾನು ಉಪ್ಪು ಹೆಚ್ಚಾಯ್ತೋ ಅಂತ ಮಾಡಿದ್ದೆ. ಮುಂಡಾಜೆಯಲ್ಲಿ ಕೆಲವು ಮನೆಯವರು ಬಚ್ಚಲು ತೆರೆದಿಡ್ತಾರೆ. ಆದರೆ ಅಷ್ಟು ಜನಕ್ಕೆ ಅದು ಯಾವ ಮೂಲೆಗೆ? ನೀನು ಹೇಳುದು ಸರಿ ಉಂಟು. ಅದಕ್ಕೆ ಎಂತ ಮಾಡ್ಬೇಕು ಅಂತೀ?

ಹುಡುಗಿ: ಹೆದ್ದಾರಿ ಬಿಟ್ಟು ಕಾಲುದಾರಿ. ಘಟ್ಟಕ್ಕೆ ಹಳೆಯ ದಾರಿಗಳು ಎಷ್ಟು ಇದ್ದವು! ಉಪ್ಪು, ಒಣಮೀನು ಮೇಲೆ ಹೋದದ್ದು, ಅಕ್ಕಿ ಏಲಕ್ಕಿ ಕೆಳಗೆ ಬಂದದ್ದು ಎಲ್ಲ ತಲೆಹೊರೆಯಲ್ಲಿ, ಇಲ್ಲದಿದ್ದರೆ ಎತ್ತಿನ ಬೆನ್ನಿನಲ್ಲಿ. ಅವನ್ನು ಹುಡುಕಿ ಸೇರಿಸ್ಬೇಕು. ಹದಿನೈದು ಕಿಲೋಮೀಟರ್‌ಗೆ ಒಂದು ತಂಗುವ ಜಾಗ, ನೀರು, ಶೌಚಾಲಯ. ಮರಕ್ಕೆ ಬಿಳಿ ಬಣ್ಣದ ಗುರುತು, ಅಮೆರಿಕದ ದಾರಿಯಲ್ಲಿ ಇರುವ ಹಾಗೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ. ಹರಕೆಯವರೂ ಬರಲಿ, ನಮ್ಮಂಥವರೂ ಬರಲಿ.

ದೊಡ್ಡಮ್ಮ: ನಿನ್ನ ಅಮ್ಮನೂ ನಾನೂ ಹುಟ್ಟಿದ್ದು ಸಂಸೆಯ ಕಡೆ. ಅಲ್ಲಿಂದ ಎಳನೀರು, ದಿಡುಪೆ, ಸೋಮಂತಡ್ಕ. ಆ ಕಾಲುದಾರಿಯಲ್ಲಿ ನಾನು ಇಳಿದದ್ದುಂಟು, ಹತ್ತಿದ್ದುಂಟು. ಚಂದ ಅಂತ ಒಬ್ಬರೂ ಹೇಳಿದ್ದು ನನಗೆ ನೆನಪಿಲ್ಲ. ಜಿಗಣೆ, ಜಾರು, ತಲೆಯ ಮೇಲೆ ಮೂಟೆ. ಎಳನೀರಿನವರು ಈಗಲೂ ಬೆಳ್ತಂಗಡಿ ತಾಲೂಕಿನವರೇ. ತಾಲೂಕು ಆಫೀಸಿಗೆ ಡಾಮರು ರಸ್ತೆಯಲ್ಲಿ ಬರ್ಬೇಕಾದರೆ ನೂರು ಕಿಲೋಮೀಟರ್ ಆಸುಪಾಸು ಸುತ್ತು. ದಿಡುಪೆಯಿಂದ ರಸ್ತೆ ಮಾಡಿಕೊಡಿ ಅಂತ ಎಷ್ಟು ವರ್ಷದಿಂದ ಕೇಳಿದರು! ಅದಕ್ಕೆ ಅಡ್ಡ ಬಂದ ರಾಷ್ಟ್ರೀಯ ಉದ್ಯಾನ ಆದದ್ದು 1987ರಲ್ಲಿ, ಜನ ಅದಕ್ಕಿಂತ ಮೊದಲೇ ಇದ್ದರು. ಈಗ ನೀನು ಅಲ್ಲಿಗೆ ಹೋಗಿ, ನಿಮಗೆ ರಸ್ತೆ ಬೇಡ, ಕಾಲುದಾರಿ ಮಾಡ್ತೇವೆ, ಬಿಳಿ ಬಣ್ಣ ಹೊಡೀತೇವೆ ಅಂತ ಹೇಳು ನೋಡುವ. ಅವರು ಎಂತದರಲ್ಲಿ ಹೊಡೀತಾರೆ ಅಂತ ನೀನೇ ಬಂದು ಹೇಳಿದರೆ ಆಯ್ತು.

ಹುಡುಗಿ: ರಸ್ತೆ ಬೇಡ ಅಂತ ನಾನು ಎಲ್ಲಿ ಹೇಳಿದೆ? ಗರ್ಭಿಣಿಯನ್ನು ಹೊತ್ತು ಇಳಿಸುವ ದಾರಿಯಲ್ಲಿ ಖುಷಿಗೆ ನಡೆಯುವುದು ತಪ್ಪು, ಒಪ್ಪುತ್ತೇನೆ. ಆದರೆ ರಸ್ತೆ ಬಂದ ಕೂಡಲೇ ಕಾಲುದಾರಿ ಸಾಯಬೇಕಂತ ಏನಿದೆ? ಅಲ್ಲಿಯ ಹುಡುಗರೇ ದಾರಿ ತೋರಿಸುವವರಾಗಲಿ, ಅವರ ಮನೆಯಲ್ಲೇ ಊಟವಾಗಲಿ. ಅಡಿಕೆಗೆ ಹಳದಿ ಎಲೆ ರೋಗ ಬಂದ ತೋಟಕ್ಕೆ ನಾಲ್ಕು ಕಾಸು ಸಿಕ್ಕಿದ ಹಾಗೂ ಆಗುತ್ತೆ.

ದೊಡ್ಡಮ್ಮ: ಆ ಲೆಕ್ಕ ಸರಿ. ಅವರು ಬೇಡ ಅನ್ನಲಿಕ್ಕಿಲ್ಲ. ಆದರೆ ಅದು ಯಾವಾಗ? ಬೇಸಿಗೆಯಲ್ಲಿ ಕಾಡು ಮುಚ್ಚುತ್ತದೆ ಅಂತ ನೀನೇ ಹೇಳಿದ್ದಿ. ಮಳೆಗಾಲಕ್ಕೆ ಜಿಗಣೆ, ಗುಡ್ಡ ಜರಿಯುವ ಭಯ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಜರಿದು ತಿಂಗಳುಗಟ್ಟಲೆ ಬಸ್ಸೇ ಇರಲಿಲ್ಲ. ಪಾದಯಾತ್ರೆ ಈ ದಿನಗಳಲ್ಲೇ ಯಾಕೆ ಅಂದರೆ ಹಾಸನದ ಕಡೆ ರಾಗಿ ಕೊಯ್ಲಾಗಿ ಕಣದ ಕೆಲಸ ಮುಗಿದಿರ್ತದೆ, ಮುಂಗಾರು ಬಿತ್ತನೆಗೆ ಇನ್ನೂ ಸಮಯ ಉಂಟು. ಬಡವನಿಗೆ ಆಗ ಮಾತ್ರ ಬಿಡುವು. ನಿನ್ನ ಕಾಲುದಾರಿ ಅಕ್ಟೋಬರಿನಿಂದ ಜನವರಿ ತನಕ ತೆರೆದರೆ ಆ ಅಜ್ಜಿ ಬರ್ಲಿಕ್ಕುಂಟಾ? ಆಗ ಅವರು ಹೊಲದಲ್ಲಿ.

ಇದಕ್ಕೆ ಹುಡುಗಿಯಲ್ಲಿ ಉತ್ತರ ಇರಲಿಲ್ಲ. ನನ್ನಲ್ಲೂ ಇಲ್ಲ. ಬಿಡುವು ಇರುವ ಕಾಲದಲ್ಲಿ ಕಾಡು ಒಣಗಿರುತ್ತದೆ, ಕಾಡು ಹಸಿಯಿರುವ ಕಾಲದಲ್ಲಿ ಬಿಡುವು ಇರುವುದು ತಿಂಗಳ ಸಂಬಳದವರಿಗೆ. ಹಾಗಾಗಿ ಹರಕೆಯವರ ಪಾಲಿಗೆ ಡಾಮರು, ಚಾರಣಿಗರ ಪಾಲಿಗೆ ಹುಲ್ಲುಗಾವಲು ಎಂದು ಪಾಲಾಗಿಹೋಗಿದೆ. ಇದನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಆದರೆ ಅಷ್ಟಕ್ಕೇ ಇದು ಅನ್ಯಾಯವಲ್ಲ ಅಂತಲೂ ನಾನು ಹೇಳಲಾರೆ.

ಹುಡುಗಿ: ಕಾಡಿಗೆ ಬೆಂಕಿ ಮಾತ್ರವಾ ಭಯ? ಘಾಟಿಯಲ್ಲಿ ಮಲಯ ಮಾರುತ ದಾಟಿ ಕೆಳಗೆ ಇಳಿಯುವಾಗ ನೋಡಿದೆ. ತಡೆಗೋಡೆಯ ಆಚೆ ಬಾಟಲಿ, ಕಾಗದದ ತಟ್ಟೆ, ಮಜ್ಜಿಗೆಯ ಪ್ಯಾಕೆಟ್. ಅಣ್ಣಪ್ಪನ ಗುಡಿಯ ಹತ್ತಿರ ಒಂದು ಮಂಗ ಪ್ಯಾಕೆಟನ್ನು ಹಲ್ಲಿನಲ್ಲಿ ಸೀಳಿ ಒಳಗೆ ನಾಲಗೆ ಹಾಕಿ ನೆಕ್ಕುತ್ತಿತ್ತು. ಚಾರಣಕ್ಕೆ ಬಂದವರು ಇಷ್ಟು ಹಾಕಿದ್ದರೆ ನೀವೆಲ್ಲ ಸುಮ್ಮನಿರ್ತಿದ್ದಿರಾ? ಇದನ್ನು ಹಾಕಿದ್ದು ಹರಕೆಯವರು. ಕೊಟ್ಟದ್ದು ಸೇವೆ ಮಾಡುವವರು.

ದೊಡ್ಡಮ್ಮ: ನಾವು ಸ್ಟೀಲ್ ಲೋಟದಲ್ಲಿ ಕೊಡುದು. ತೊಳೆದು ತೊಳೆದು ನನ್ನ ಬೆರಳು ಬಿಳಿ ಆಗ್ತದೆ.

ಹುಡುಗಿ: ನೀವು ಹತ್ತು ಜನ. ಲಾರಿಯಲ್ಲಿ ಬಾಟಲಿ ತಂದು ಹಂಚುವವರು ನೂರು ಜನ.

ದೊಡ್ಡಮ್ಮ: ಗೊತ್ತುಂಟು. ಮಾರನೇ ದಿನ ಇಲ್ಲಿಯ ಹುಡುಗರೇ ಗೋಣಿ ಹಿಡಿದು ಹೆಕ್ಕಲಿಕ್ಕೆ ಹೋಗ್ತಾರೆ. ನಾಚಿಕೆಯ ವಿಷಯವೇ. ಆದರೆ ಬಾಟಲಿ ಬೇಡ ಅಂತ ಹೇಳಬಹುದು, ಲೋಟ ಹಿಡಿಯಿರಿ ಅಂತ ಹೇಳಬಹುದು. ಜನ ಬೇಡ ಅಂತ ಹೇಗೆ ಹೇಳುದು? ನಿನ್ನ ಮಿತಿ ಅಂದರೆ ಅದೇ ಅಲ್ವಾ? ಮುನ್ನೂರು ಜನ ಆದ ಮೇಲೆ ಮುನ್ನೂರ ಒಂದನೆಯವಳು ಆ ಅಜ್ಜಿ. ಅವಳ ಹತ್ತಿರ ಮೊಬೈಲಿಲ್ಲ, ಬುಕ್ ಮಾಡಿಲ್ಲ. ಗೇಟಿನಲ್ಲಿ ನೀನು ನಿಂತಿದ್ದಿ. ಎಂತ ಹೇಳ್ತಿ?

ಹುಡುಗಿ: …ಒಳಗೆ ಬಿಡ್ತೇನೆ.

ದೊಡ್ಡಮ್ಮ: ಅವಳ ಹಿಂದೆ ಇನ್ನೊಬ್ಬಳು.

ಹುಡುಗಿ: ಹೀಗೆ ಕೇಳಿದರೆ ಯಾವ ವ್ಯವಸ್ಥೆಯೂ ನಿಲ್ಲಲ್ಲ ದೊಡ್ಡಮ್ಮ. ಎಲ್ಲರನ್ನೂ ಬಿಟ್ಟರೆ ಕಾಡು ಹೋಗುತ್ತೆ. ಕಾಡು ಹೋದ ಮೇಲೆ ಮೃತ್ಯುಂಜಯ ಹೊಳೆಯಲ್ಲಿ ನೀರೂ ಹೋಗುತ್ತೆ, ಅದು ಸೇರುವ ನೇತ್ರಾವತಿಯಲ್ಲೂ ಹೋಗುತ್ತೆ. ಸ್ನಾನಘಟ್ಟದಲ್ಲಿ ಮೀಯುದು ಎಲ್ಲಿ ಆಗ?

ದೊಡ್ಡಮ್ಮ: ಅದಕ್ಕೇ ಹೇಳುದು, ಅವರು ಡಾಮರಿನಲ್ಲೇ ನಡೆಯಲಿ. ಡಾಮರಿಗೆ ಎಷ್ಟು ಜನ ಬಂದರೂ ಎಂತ ಆಗ್ಲಿಕ್ಕುಂಟು?

ಹುಡುಗಿ: ಹಾಗಾದರೆ ಆ ಡಾಮರಿನ ಬದಿಯಲ್ಲಿ ನಾಲ್ಕು ಅಡಿ ನಡೆಯುವವರಿಗೆ ಅಂತ ಬಿಡಲಿ. ಹೆದ್ದಾರಿ 73 ಅಂತ ಬೋರ್ಡು ಹಾಕಿದ್ದಾರಲ್ಲ, ಅಗಲ ಮಾಡುವಾಗೆಲ್ಲ ಲೆಕ್ಕಕ್ಕೆ ಬರುದು ಗಾಡಿ ಮಾತ್ರ.

ದೊಡ್ಡಮ್ಮ: ಅದನ್ನು ಕೇಳು. ಅದು ಕೇಳಬಹುದಾದ ಮಾತು. ಐದು ಮೈಲಿಗೊಂದು ಹೆಂಗಸರ ಕಕ್ಕಸು, ಅದನ್ನೂ ಸೇರಿಸಿ ಕೇಳು. ಅರ್ಜಿ ಬರಿ, ನಮ್ಮ ಸಂಘದವರ ಹೆಬ್ಬೆಟ್ಟು ಸಹಿ ಎಲ್ಲ ನಾನು ಹಾಕಿಸ್ತೇನೆ.

ಹುಡುಗಿ: ಅಷ್ಟಕ್ಕೇ ನಾನು ನಿಲ್ಲಿಸಲ್ಲ. ಕಾಡಿನ ದಾರಿಯೂ ಬೇಕು.

ದೊಡ್ಡಮ್ಮ: ನಿಲ್ಲಿಸು ಅಂತ ಯಾರು ಹೇಳಿದರು? ಎಳನೀರಿನವರ ಹತ್ತಿರ ಮೊದಲು ಹೋಗಿ ಮಾತಾಡು. ಅವರು ಆಗಬಹುದು ಅಂದರೆ ಆ ಮೇಲೆ ಬಣ್ಣದ ಡಬ್ಬಿ ತಾ. ಆದರೆ ಗೇಟು ಹಾಕಿ ಟಿಕೆಟ್ ಹರಿದರೆ ಅಲ್ಲಿ ನಾನು ಮಜ್ಜಿಗೆ ಹಿಡ್ಕೊಂಡು ನಿಲ್ಲುದಿಲ್ಲ, ಈಗಲೇ ಹೇಳಿದ್ದೇನೆ.

ಹುಡುಗಿ: ಟಿಕೆಟ್ ಇಲ್ಲದೆ ಮಿತಿ ಹೇಗೆ ಇಡೋದು ಮತ್ತೆ?

ದೊಡ್ಡಮ್ಮ: ಅದು ನಿನ್ನ ಲೆಕ್ಕ ಮಾರಾಯ್ತಿ. ಇಂಜಿನಿಯರಿಂಗ್ ಓದಿದ್ದು ನಾನಾ?